ನಿವಾಲ್ದೊನ ಪಾಲು

ಪೊಂಟಾ ಬಾಯ್ಷಾ, ಉಬಾಟುಬಾ
22 ಜೂನ್ 1996

ದಲ್ವಿನಾ, ಮಗಳೇ,

ಈ ಕಾಗದ ತರುವವರು ತೌಬಾತೆಯ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಎರಡು ದಿನದಿಂದ ನಮ್ಮ ಹೋಟೆಲಿನಲ್ಲೇ ಊಟ. ಇಲ್ಲಿಂದ ನೇರ ನಿಮ್ಮ ಬೆಟ್ಟಕ್ಕೆ ಹೋಗುತ್ತಾರಂತೆ. ಎಲ್ಲರೂ ಕೇಳುವುದನ್ನೇ ಅವರೂ ಕೇಳಿದರು, ಕಾಂಪೋಸ್ ದೊ ಜೋರ್ದಾವ್‌ನಲ್ಲಿ ಊಟಕ್ಕೆ ಎಲ್ಲಿಗೆ ಹೋಗುವುದು ಅಂತ. ಎಲ್ಲರಿಗೂ ಹೇಳುವುದನ್ನೇ ನಾನೂ ಹೇಳಿದೆ. ನನ್ನ ಸೊಸೆ ಅಡುಗೆ ಮಾಡುವ ಕಡೆ ಹೋಗಿ, ಬೇರೆ ಕಡೆ ಹೋದರೆ ನಿಮ್ಮ ಹಣೆಬರಹ. ಅಂಚೆಯವನಿಗಿಂತ ಈ ಪ್ರವಾಸಿಗಳೇ ವಾಸಿ ಕಣೇ, ಕಾಗದದ ಜೊತೆ ಮೀನನ್ನೂ ಒಯ್ಯುತ್ತಾರೆ.

ಮೀನು ಯಾವುದೆಂದು ನಿನಗೆ ಗೊತ್ತೇ ಇದೆ. ಬುಧವಾರ ತೆಂಕಣ ಗಾಳಿ ನಿಂತು ಚಳಿ ಬಿಗಿಯಿತು, ಹಿಂದೆಯೇ ತಾಯ್ನ್ಯಾ ಮೀನಿನ ಹಿಂಡು ಬಂತು. ಬಂಡೆಯ ಮೇಲಿನ ಕಾವಲುಗಾರ ಟೋಪಿ ಬೀಸಿದ್ದೇ ತಡ, ಊರಿಗೆ ಊರೇ ದಡಕ್ಕೆ ಓಡಿತು. ನಾನು ಗಿರಾಕಿಗಳ ಮುಂದೆ ಖಾಲಿ ತಟ್ಟೆ ಬಿಟ್ಟು ಓಡಿದೆ. ರಂಪಣಿ ಬಲೆ ಎಳೆದು ಮುಗಿದ ಮೇಲೆ ಮೇಸ್ತ್ರಿ ಒನೊರಾತೊ ಮರಳಿನ ಮೇಲೆ ಪಾಲು ಹಾಕಿದ. ಹಗ್ಗಕ್ಕೆ ಕೈ ಹಾಕಿದವರಿಗೆ, ಗಂಡನಿಲ್ಲದವರಿಗೆ, ಆಮೇಲೆ ಕಡಲಿಗೆ ಹೋಗಿ ಇನ್ನೂ ಬರದವರಿಗೆ. ನನ್ನ ಮುಂದೆ ಬಂದು ಪ್ರತಿ ವರ್ಷದಂತೆ ಕೇಳಿದ, "ನಿವಾಲ್ದೊನ ಪಾಲು, ದೋನಾ ಬೆನ್ವಿಂದಾ?" ತೆಗೆದಿಡು ಅಂದೆ. ಅವನು ನನ್ನ ಮುಖ ನೋಡಲಿಲ್ಲ, ಆದರೆ ತೆಗೆದಿಟ್ಟ.

ಮೂರು ವರ್ಷವಾಯಿತು, ಚರ್ಚಿನಲ್ಲಿ ಒಂದು ಪೂಜೆ ಮಾಡಿಸಿ ಎಂದು ಪಾದ್ರಿಗಳು ಮತ್ತೆ ಹೇಳಿಕಳಿಸಿದ್ದರು. ಪೂಜೆ ಸತ್ತವರಿಗೆ. ನನ್ನ ಮಗ ನಿವಾಲ್ದೊ ಅಂದು ಒನೊರಾತೊನ ಹೊಸ ಬಲೆಯನ್ನು ಕೇಳದೆ ಎತ್ತಿಕೊಂಡು ಗಾಳಿಯಲ್ಲಿ ದೋಣಿ ಇಳಿಸಿದ. ಬಲೆ ಕಳೆದುಕೊಂಡವನು ಯಾವ ಮುಖ ಹೊತ್ತು ಬರುತ್ತಾನೆ? ಒನೊರಾತೊನ ಸ್ವಂತ ಸೋದರಮಾವ ಇದೇ ನಾಚಿಕೆಗೆ ವರ್ಷಗಟ್ಟಲೆ ಸಾಂತೊಸ್ ಬಂದರಿನಲ್ಲಿ ಅಡಗಿದ್ದು, ಕೊನೆಗೆ ಚಿನ್ನದ ಹಲ್ಲು ಕಟ್ಟಿಸಿಕೊಂಡು ಬರಲಿಲ್ಲವೇ. ನಮ್ಮ ಗಂಡಸರು ಸಾಯುವುದಕ್ಕಿಂತ ಹೆಚ್ಚು ಹೆದರುವುದು ಮೇಸ್ತ್ರಿಯ ಬಾಯಿಗೆ.

ಗಂಡನ ಪಾಲು ಹೆಂಡತಿಗೆ ಸೇರಬೇಕು. ಉಪ್ಪು ಸವರಿ ಒಣಗಿಸಿದ್ದೇನೆ, ಮೊಟ್ಟೆಯನ್ನು ಬೇರೆ ಕಟ್ಟಿದ್ದೇನೆ. ನಾನು ಒಂದು ಚೂರೂ ಮುಟ್ಟಿಲ್ಲ.

ನಿಮ್ಮಲ್ಲಿ ಕರಗಿದ ಚೀಸಿಗೆ ಬ್ರೆಡ್ಡಿನ ತುಂಡು ಅದ್ದಿ ತಿನ್ನಲು ಜನ ಚಳಿಯಲ್ಲಿ ಸಾಲು ನಿಲ್ಲುತ್ತಾರಂತೆ. ತಿನ್ನಲಿ ಪಾಪ, ಹಲ್ಲಿಲ್ಲದವರಿಗೂ ಒಂದು ಊಟ ಬೇಕಲ್ಲ. ಇದನ್ನು ಹೇಳಿದ್ದಕ್ಕೆ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ತಟ್ಟೆ ಎತ್ತುವ ಹುಡುಗಿಯಾಗಿ ನನ್ನ ಅಡುಗೆಮನೆಗೆ ಬಂದು ಸೊಸೆಯಾದವಳು ನೀನು. ಇಲ್ಲಿಯ ರುಚಿ ಮರೆಯಬೇಡ.

ನಿನ್ನ ಅತ್ತೆ
ಬೆನ್ವಿಂದಾ


ಕಾಂಪೋಸ್ ದೊ ಜೋರ್ದಾವ್
28 ಜುಲೈ 1996

ಪ್ರೀತಿಯ ಅತ್ತೆಗೆ,

ಮೀನು ತಲುಪಿತು. ಈ ತಿಂಗಳು ನಮಗೆ ಉಸಿರಾಡಲೂ ಬಿಡುವಿಲ್ಲ. ಸಾಂವ್ ಪಾವ್ಲೊ ನಗರದ ಅರ್ಧ ಜನ ಇಲ್ಲೇ ಇದ್ದಾರೆ, ಉಣ್ಣೆ ಟೋಪಿ ತೋರಿಸುವುದಕ್ಕೆಂದೇ ಬಂದವರು. ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬಿಳಿಯಾಗಿರುತ್ತದೆ. ನಾನು ಚೀಸು ಕರಗಿಸುತ್ತೇನೆ, ಟ್ರೌಟ್ ಮೀನು ಹುರಿಯುತ್ತೇನೆ, ಪೈನ್ ಬೀಜ ಬೇಯಿಸುತ್ತೇನೆ. ಮೇಜಿನ ಹತ್ತಿರ ಹೋಗುವುದೇ ಇಲ್ಲ. ಡಾಕ್ಟರ ಹೆಂಡತಿಯೇ ಅಡುಗೆಮನೆಗೆ ಬಂದು ನಿಮ್ಮ ಕಾಗದ ಕೊಟ್ಟರು. ಈ ವಾರ ಮತ್ತೆ ಊಟಕ್ಕೆ ಬಂದಿದ್ದಾರೆ. ಸೆಪ್ಟೆಂಬರಿನಲ್ಲಿ ಕಡಲಿಗೆ ಬರುತ್ತಾರಂತೆ, ಅವರ ಕೈಯಲ್ಲೇ ಇದನ್ನೂ ಒಂದು ಚೀಲ ಪೈನ್ ಬೀಜವನ್ನೂ ಕಳಿಸುತ್ತಿದ್ದೇನೆ. ಉಪ್ಪು ಹಾಕಿ ಬೇಯಿಸಿ, ಬಿಸಿ ಇರುವಾಗಲೇ ಸುಲಿಯಿರಿ.

ಪಾಲಿನ ಬಗ್ಗೆ ಪ್ರತಿ ಬಾರಿ ಹೇಳಬೇಕೆಂದುಕೊಳ್ಳುತ್ತೇನೆ. ಇನ್ನು ಮುಂದೆ ಅದನ್ನು ನೀವೇ ಇಟ್ಟುಕೊಳ್ಳಿ ಅತ್ತೆ. ಅಷ್ಟು ದೂರದಿಂದ ಕಳಿಸುವ ಕಷ್ಟ ಬೇಡ.

ನಿಮ್ಮ
ದಲ್ವಿನಾ


ಪೊಂಟಾ ಬಾಯ್ಷಾ
9 ಸೆಪ್ಟೆಂಬರ್ 1996

ದಲ್ವಿನಾ,

ಈ ಕಾಗದವನ್ನು ಯಾರ ಕೈಗೂ ಕೊಡದೆ ಅಂಟು ಹಾಕಿ ಅಂಚೆಗೇ ಹಾಕುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ನನಗೆ ಗೊತ್ತಾಯಿತು.

ಶನಿವಾರ ಡಾಕ್ಟರು, ಅವರ ಹೆಂಡತಿ ಬಂದರು. ಬಾಳೆಕಾಯಿ ಮೀನು ಬಡಿಸುತ್ತಿದ್ದೆ. ನಿಮ್ಮ ಹೋಟೆಲಿನ ಊಟವನ್ನು ಹೊಗಳುತ್ತಾ ಆಕೆ ಅಂದಳು, "ನಿಮ್ಮ ಸೊಸೆಯ ಗಂಡ ಎಷ್ಟು ಒಳ್ಳೆಯವ್ನು ರೀ. ನಮ್ ಮೇಜಿಗೇ ಬಂದು, ಮೀನಿನ ಮುಳ್ಳು ಒಂದೂ ಬಿಡದ ಹಾಗೆ ತೆಗೆದುಕೊಟ್ಟ." ಸಾರಿನ ಸೌಟು ಕೈಯಲ್ಲೇ ನಿಂತಿತು. ನನ್ನ ಸೊಸೆಯ ಗಂಡ ಎಂದರೆ ನನ್ನ ಮಗನಲ್ಲದೆ ಇನ್ಯಾರು?

ಮತ್ತೇನೂ ಕೇಳಲಿಲ್ಲ. ಪಕ್ಕದ ಮೇಜಿನಲ್ಲೇ ಒನೊರಾತೊ ಕುಳಿತು ಸಾರಾಯಿ ಹೀರುತ್ತಿದ್ದ. ಒಂದು ಮಾತು ಹೆಚ್ಚು ಕೇಳಿದ್ದರೆ ಹುಡುಗನ ಮಾನ ಹೋಗುತ್ತಿತ್ತು. ಸುಮ್ಮನೆ ಒಳಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕುಳಿತೆ. ಗಿರಾಕಿಗಳು ಕೂಗುತ್ತಿದ್ದರು, ಕೂಗಲಿ ಅಂತ ಬಿಟ್ಟೆ.

ಈಗ ಎಲ್ಲ ಅರ್ಥವಾಗುತ್ತಿದೆ. ಪಾಲು ಕಳಿಸಬೇಡಿ ಎಂದು ಯಾಕೆ ಬರೆದೆ, ಕಡಲ ಕಡೆ ಒಮ್ಮೆಯೂ ಯಾಕೆ ಬರಲಿಲ್ಲ, ಎಲ್ಲವೂ. ಅವನೇ ಹೇಳಬೇಡ ಅಂದಿರಬೇಕು. ನಿನ್ನ ಮೇಲೆ ನನಗೆ ಕೋಪವಿಲ್ಲ. ಇದೆ, ಸ್ವಲ್ಪ ಇದೆ, ಆದರೆ ಅದು ಹೋಗುತ್ತದೆ. ಅವನಿಗೆ ಹೇಳು, ಬಲೆಯ ವಿಷಯ ಯಾರೂ ಎತ್ತುವುದಿಲ್ಲ, ಒನೊರಾತೊ ಬೇರೆ ಬಲೆ ಹೆಣೆದುಕೊಂಡು ಆಗಲೇ ಹಳತಾಯಿತು. ಅವನು ಬರಬೇಕೆನ್ನಿಸಿದಾಗ ಬರಲಿ, ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ.

ನಿನ್ನೆ ಮೀನು ಹುರಿಯುವಾಗ ಹಾಡಿಕೊಳ್ಳುತ್ತಿದ್ದೆನಂತೆ. ಪಾತ್ರೆ ತೊಳೆಯುವ ಜಂದೀರಾ ಏನಾಯ್ತು ನಿಮಗೆ ಅಂತ ಕೇಳಿದಳು. ಗಾಳಿ ಬದಲಾಯ್ತು ಅಂದೆ.

ಬೆನ್ವಿಂದಾ


ಪೊಂಟಾ ಬಾಯ್ಷಾ
3 ನವೆಂಬರ್ 1996

ದಲ್ವಿನಾ,

ನಿನ್ನಿಂದ ಒಂದು ಸಾಲೂ ಇಲ್ಲ. ನಿಮ್ಮ ಚಳಿಗಾಲದ ಜನ ಹೋಗಿ ಮೇಜುಗಳು ಖಾಲಿ ಇರುವ ಕಾಲ ಇದು. ಬಿಡುವಿಲ್ಲ ಎಂದರೆ ನಂಬಲಾರೆ. ನನಗೆ ಗೊತ್ತಾಯಿತೆಂದು ಅವನು ಹೆದರಿದನೇ? ಬೇರೆ ಊರಿಗೆ ಹೊರಟುಬಿಟ್ಟನೇ? ಅದೊಂದನ್ನು ಮಾತ್ರ ಬರೆ.

ನಿನ್ನೆ ಸತ್ತವರ ದಿನ. ಸ್ಮಶಾನದಲ್ಲಿ ಎಲ್ಲರೂ ಮೇಣದಬತ್ತಿ ಹಚ್ಚಿದರು, ಕಡಲು ಪಾಲಾದವರಿಗೆ ದಡದ ಶಿಲುಬೆಯ ಕೆಳಗೆ. ಹಿಂದಿನ ವರ್ಷಗಳಲ್ಲಿ ಬತ್ತಿಯನ್ನು ಶಾಲಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದೆ, ಹಚ್ಚದೆ ವಾಪಸು ತರುತ್ತಿದ್ದೆ. ಈ ಸಲ ತೆಗೆದುಕೊಂಡೇ ಹೋಗಲಿಲ್ಲ. ಒನೊರಾತೊನ ಹೆಂಡತಿ ತನ್ನದೊಂದು ಬತ್ತಿಯನ್ನು ನನ್ನ ಕೈಗೆ ತುರುಕಲು ಬಂದಳು. ಅದನ್ನು ಚಿನ್ನದ ಹಲ್ಲು ಕಟ್ಟಿಸಿಕೊಂಡು ಬಂದ ನಿನ್ನ ಗಂಡನ ಸೋದರಮಾವನಿಗೇ ಹಚ್ಚಮ್ಮ ಅಂದೆ. ಮುದುಕಿಗೆ ತಲೆ ಕೆಟ್ಟಿತು ಎಂದು ಅವರೆಲ್ಲ ಮುಖ ಮುಖ ನೋಡಿಕೊಂಡರು. ನನಗೆ ನಗು ಬರುತ್ತಿತ್ತು.

ಸೆಲೆಸ್ತೆ ಟೀಚರ್ ಬೆಟ್ಟಕ್ಕೆ ಬರುತ್ತಿದ್ದಾರೆ, ಊಟಕ್ಕೆ ನಿಮ್ಮಲ್ಲಿಗೇ ಕಳಿಸಿದ್ದೇನೆ. ಅವರ ಕೈಯಲ್ಲಿ ಒಂದು ಸ್ವೆಟರ್ ಕೊಟ್ಟಿದ್ದೇನೆ, ನೀಲಿಯದು, ನಾನೇ ಹೆಣೆದದ್ದು. ಯಾರಿಗೆಂದು ಟೀಚರಿಗೆ ಹೇಳಿಲ್ಲ. ಅವನಿಗೆ ಚಿಕ್ಕಂದಿನಿಂದಲೂ ಎದೆ ಶೀತ.

ಬೆನ್ವಿಂದಾ


ಕಾಂಪೋಸ್ ದೊ ಜೋರ್ದಾವ್
20 ಡಿಸೆಂಬರ್ 1996

ಪ್ರೀತಿಯ ಅತ್ತೆಗೆ,

ಸ್ವೆಟರ್ ತಲುಪಿತು. ಯಾರೂ ಎಲ್ಲಿಗೂ ಹೋಗಿಲ್ಲ, ಗಾಬರಿಯಾಗಬೇಡಿ. ಇಲ್ಲಿ ದಿನವೂ ಮಳೆ. ಬೆಟ್ಟದ ರಸ್ತೆಯಲ್ಲಿ ಮಣ್ಣು ಕುಸಿಯುತ್ತಿದೆ. ಗಿರಾಕಿಗಳಿಲ್ಲದೆ ಮಾಲೀಕರು ಅರ್ಧ ಮೇಜುಗಳನ್ನು ಮಡಚಿ ಇಟ್ಟಿದ್ದಾರೆ. ನಿಮ್ಮಲ್ಲಿ ಈಗ ಜನ ತುಂಬಿರಬೇಕು. ಕಾಲು ಊದಿಸಿಕೊಳ್ಳಬೇಡಿ, ಜಂದೀರಾಳ ಕೈಯಲ್ಲಿ ಹೆಚ್ಚು ಕೆಲಸ ಮಾಡಿಸಿ.

ಬರೆಯಬೇಕಾದದ್ದು ಬಹಳ ಇದೆ. ಹಬ್ಬ ಕಳೆಯಲಿ, ಬರೆಯುತ್ತೇನೆ.

ನಿಮ್ಮ
ದಲ್ವಿನಾ


ಪೊಂಟಾ ಬಾಯ್ಷಾ
16 ಫೆಬ್ರವರಿ 1997

ಮಗಳೇ,

ಕಾರ್ನಿವಲ್ ಮುಗಿಯಿತು, ಕೊನೆಯ ಕುಡುಕನೂ ದಡ ಬಿಟ್ಟು ಹೋದ. ಈ ಸಲದ ಬೇಸಿಗೆಯಲ್ಲಿ ನಿಂತ ಕಾಲಲ್ಲಿ ನಿಂತೇ ಇದ್ದೆ, ಆದರೆ ದಣಿವಾಗಲಿಲ್ಲ. ನಿನ್ನ "ಯಾರೂ ಎಲ್ಲಿಗೂ ಹೋಗಿಲ್ಲ" ಎಂಬ ಸಾಲನ್ನು ಎಪ್ರನ್ನಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಎಣ್ಣೆ ಹತ್ತಿ ಕಾಗದ ಹಾಳಾಯಿತು.

ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಅವನು ಬರೆಯಬೇಡ ಅನ್ನುತ್ತಾನೆ, ನಾನು ಬರೆ ಅನ್ನುತ್ತೇನೆ, ನಡುವೆ ನೀನು. ಅದಕ್ಕೇ ನಾನೇ ಬರುತ್ತಿದ್ದೇನೆ. ಪವಿತ್ರ ವಾರಕ್ಕೆ ತೌಬಾತೆಯ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಊರವರಿಗೆ ಮೊಣಕಾಲಿಗೆ ಔಷಧಿ ತರುತ್ತೇನೆಂದು ಹೇಳಿದ್ದೇನೆ.

ಬಾಳೆಕಾಯಿ ಮೀನು ಮಾಡಿ ಬಡಿಸುತ್ತೇನೆ. ನಿಮ್ಮಲ್ಲಿ ಎಲ್ಲ ಅಲ್ಯೂಮಿನಿಯಂ ಪಾತ್ರೆಗಳೆಂದು ನೀನೇ ಹೇಳಿದ್ದೆ, ಅದರಲ್ಲಿ ಬಾಳೆಕಾಯಿಯಿಂದ ಸಾರಿಗೆ ಬರಬೇಕಾದ ನೀಲಿ ಬಣ್ಣ ಏರುವುದೇ ಇಲ್ಲ. ಹಾಗಾಗಿ ಕಬ್ಬಿಣದ ಪಾತ್ರೆಯನ್ನೇ ಹೊತ್ತು ತರುತ್ತೇನೆ, ಬಸ್ಸಿನವನು ನಕ್ಕರೆ ನಗಲಿ. ಬಾಳೆಕಾಯಿಯೂ ಇಲ್ಲಿಯದೇ. ಅವನಿಗೆ ಮೊದಲೇ ಹೇಳಬೇಡ, ಓಡಿಹೋದಾನು.

ಬೆನ್ವಿಂದಾ


ಕಾಂಪೋಸ್ ದೊ ಜೋರ್ದಾವ್
2 ಮಾರ್ಚ್ 1997

ಅತ್ತೆ,

ಬರಬೇಡಿ. ಬರುವ ಮೊದಲು ಇದನ್ನು ಓದಿ. ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ನಿವಾಲ್ದೊ ಇಲ್ಲಿಲ್ಲ. ಎಂದೂ ಇರಲಿಲ್ಲ. ಡಾಕ್ಟರ ಹೆಂಡತಿ ನೋಡಿದ್ದು ಅನ್ಸೆಲ್ಮೊನನ್ನು. ಹಗಲು ಟ್ರೌಟ್ ಕೊಳಗಳಲ್ಲಿ ಕೆಲಸ, ಸಂಜೆ ನಮ್ಮ ಹೋಟೆಲಿನಲ್ಲಿ ಬಡಿಸುತ್ತಾನೆ. ಕಳೆದ ವರ್ಷ ಚಳಿ ಶುರುವಾಗುವ ಮೊದಲಿನಿಂದ ನಾವು ಒಂದೇ ಮನೆಯಲ್ಲಿದ್ದೇವೆ. ಇಲ್ಲಿ ಎಲ್ಲರೂ ಅವನನ್ನು ನನ್ನ ಗಂಡ ಅಂತಲೇ ಕರೆಯುತ್ತಾರೆ. ನಾನೂ ಬೇಡ ಅನ್ನಲಿಲ್ಲ.

ಸೆಪ್ಟೆಂಬರಿನ ನಿಮ್ಮ ಕಾಗದವನ್ನು ಉಗ್ರಾಣದಲ್ಲಿ ನಿಂತು ಓದಿದೆ. ಅವತ್ತೇ ಬರೆಯಲು ಕುಳಿತೆ. ಮೀನು ಹುರಿಯುತ್ತಾ ಹಾಡಿದೆ ಎಂದು ಬರೆದಿದ್ದಿರಿ. ನಿಮ್ಮ ಮನೆಯಲ್ಲಿ ನಾನಿದ್ದ ಅಷ್ಟೂ ವರ್ಷ ನೀವು ಹಾಡಿದ್ದನ್ನು ಕೇಳಿಲ್ಲ ಅತ್ತೆ. ಇನ್ನೊಂದು ವಾರ ಹಾಡಲಿ ಅಂದುಕೊಂಡೆ. ವಾರ ಕಳೆದ ಹಾಗೆಲ್ಲ ಬರೆಯುವುದು ಇನ್ನೂ ಕಷ್ಟವಾಯಿತು. ಸ್ವೆಟರ್ ಬಂದ ದಿನ ಅನ್ಸೆಲ್ಮೊ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, "ಇದು ನನ್ನದಲ್ಲ, ಆ ತಾಯಿಗೆ ನಿಜ ಹೇಳು" ಅಂದ. ಆಗಲೂ ನಾನು ಹೇಳಲಿಲ್ಲ.

ನಿವಾಲ್ದೊ ಕಡಲಿನಲ್ಲೇ ಹೋದ. ಅಂದು ಸಂಜೆ ದಡದಲ್ಲಿ ನಿಂತಾಗಲೇ ನನಗೆ ಗೊತ್ತಾಗಿತ್ತು. ಇಲ್ಲಿಯ ಚರ್ಚಿನಲ್ಲಿ ಪ್ರತಿ ನವೆಂಬರ್ ಅವನಿಗೆ ನಾನು ಬತ್ತಿ ಹಚ್ಚುತ್ತೇನೆ. ನೀವು ಕಳಿಸಿದ ಪಾಲನ್ನು ತಿನ್ನಲು ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಹೋಟೆಲಿನ ಕೆಲಸದವರಿಗೆಲ್ಲ ಬೇಯಿಸಿ ಬಡಿಸಿದೆ, ಅವನ ಹೆಸರು ಹೇಳಿಯೇ ಬಡಿಸಿದೆ.

ಇನ್ನೊಂದು ವಿಷಯ. ಆಗಸ್ಟಿನಲ್ಲಿ ನನಗೆ ಹೆರಿಗೆ.

ದಲ್ವಿನಾ


ಕಾಂಪೋಸ್ ದೊ ಜೋರ್ದಾವ್
18 ಮೇ 1997

ಅತ್ತೆ,

ನೀವು ಉತ್ತರ ಬರೆಯುವುದಿಲ್ಲವೆಂದು ಗೊತ್ತು. ಈಗಲೂ ಕಡಲಿಗೆ ಹೋಗುವವರನ್ನೆಲ್ಲ ಊಟಕ್ಕೆ ನಿಮ್ಮಲ್ಲಿಗೇ ಕಳಿಸುತ್ತಿದ್ದೇನೆ. ಮೊದಲು ಅವರು ವಾಪಸು ಬಂದಾಗ ನಿಮ್ಮದೊಂದು ಬೈಗುಳವಾದರೂ ಬರುತ್ತಿತ್ತು. ಈಗ ಬಾಳೆಕಾಯಿ ಮೀನು ಚೆನ್ನಾಗಿತ್ತು ಎನ್ನುತ್ತಾರೆ, ಅಷ್ಟೇ. ನಿಮ್ಮ ಆರೋಗ್ಯ ಕೇಳಿದರೆ ಅವರಿಗೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.

ನಾವು ಮದುವೆಯಾಗಬೇಕೆಂದಿದ್ದೇವೆ. ನಿವಾಲ್ದೊ ಬದುಕಿಲ್ಲ ಎಂದು ಉಬಾಟುಬಾದ ನ್ಯಾಯಾಧೀಶರು ಹೇಳದೆ ಅದು ಆಗುವುದಿಲ್ಲ, ತಾಯಿಯ ಮಾತು ಕೇಳದೆ ಅವರೂ ಹೇಳುವುದಿಲ್ಲವಂತೆ. ಅಲ್ಲಿಯವರೆಗೆ ಕಾಗದದ ಮೇಲೆ ನಾನು ನಿವಾಲ್ದೊನ ಹೆಂಡತಿ, ಹುಟ್ಟುವ ಮಗುವೂ ಅವನದೇ ಆಗುತ್ತದೆ. ಅನ್ಸೆಲ್ಮೊ ಏನೂ ಹೇಳುವುದಿಲ್ಲ, ತೊಟ್ಟಿಲು ಮಾಡುತ್ತಿದ್ದಾನೆ.

ನನಗೆ ತಾಯಿ ಇರಲಿಲ್ಲ. ಮೀನು ಸೀಳುವುದರಿಂದ ಹಿಡಿದು ತಲೆ ಬಾಚುವವರೆಗೆ ನೀವೇ ಕಲಿಸಿದ್ದು. ನನ್ನನ್ನು ಬೈಯಿರಿ ಅತ್ತೆ. ಸುಮ್ಮನಿರಬೇಡಿ.

ದಲ್ವಿನಾ


ಪೊಂಟಾ ಬಾಯ್ಷಾ
15 ಜೂನ್ 1997

ದಲ್ವಿನಾ,

ಬೈಯಬೇಕೆಂದೇ ಎಷ್ಟೋ ಸಲ ಕಾಗದ ತೆಗೆದೆ. ಮಾತೇನೂ ಕಡಿಮೆಯಿಲ್ಲ, ನನ್ನ ಬಾಯಿ ನಿನಗೆ ಗೊತ್ತು. ನೀನು ಬೇರೆಯವನನ್ನು ಕಟ್ಟಿಕೊಂಡದ್ದಕ್ಕೆ ಅಷ್ಟು ಹೊಟ್ಟೆ ಉರಿಯಲಿಲ್ಲ. ಆರು ತಿಂಗಳು ನನ್ನ ಮಗನನ್ನು ಬದುಕಿಸಿ ಕೊಟ್ಟು ಆಮೇಲೆ ಕಿತ್ತುಕೊಂಡೆಯಲ್ಲ, ಅದಕ್ಕೆ ಉರಿಯಿತು. ನಾನೇ ಬದುಕಿಸಿಕೊಂಡದ್ದು, ನೀನಲ್ಲ ಎಂದು ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನಾನು ಬಂದಿದ್ದೆ. ನಿನ್ನ ಕಾಗದ ಓದಿದ ಮೇಲೂ ಬಂದೆ. ಕಣ್ಣಾರೆ ನೋಡದೆ ನಂಬಲಾಗಲಿಲ್ಲ, ನೀನೇ ಏನೋ ಮುಚ್ಚಿಡುತ್ತಿದ್ದೀಯೆಂದು ಮನಸ್ಸು ಹೇಳುತ್ತಿತ್ತು. ಶುಭ ಶುಕ್ರವಾರ, ಎಲ್ಲರೂ ಮೀನು ತಿನ್ನುವ ದಿನ. ನಿಮ್ಮ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಹತ್ತಿರ ಒಂದು ಚಿಕ್ಕ ಮೇಜು ಕೊಟ್ಟರು. ಕಬ್ಬಿಣದ ಪಾತ್ರೆಯ ಚೀಲವನ್ನು ಕಾಲಿನ ಕೆಳಗೆ ತಳ್ಳಿಕೊಂಡು ಕುಳಿತೆ.

ಬಡಿಸಲು ಬಂದವನು ಅವನೇ ಎಂದು ತಕ್ಷಣ ಗೊತ್ತಾಯಿತು. ಕುಳ್ಳ, ಬಿಳಿಚಿಕೊಂಡವನು, ಕೊಳದ ನೀರಿನಲ್ಲಿ ಒಡೆದ ಕೈಗಳು. ನನ್ನ ಮಗನ ಒಂದು ಕೂದಲೂ ಅವನಲ್ಲಿರಲಿಲ್ಲ. ಆ ಕ್ಷಣದಲ್ಲಿ ನಿವಾಲ್ದೊ ಹೋದ. ನಾಲ್ಕು ವರ್ಷದ ಹಿಂದೆ ಅಲ್ಲ, ಅಲ್ಲಿ, ಆ ಕುರ್ಚಿಯಲ್ಲಿ ಕುಳಿತಾಗ. ಎದ್ದು ಬಂದುಬಿಡಬೇಕೆನ್ನಿಸಿತು. ಅಷ್ಟರಲ್ಲಿ ಅವನು ತಟ್ಟೆ ಇಟ್ಟು, ಕೇಳದೆಯೇ ಮುಳ್ಳು ಬಿಡಿಸತೊಡಗಿದ. ಮಗುವಿಗೆ ಬಿಡಿಸಿದಂತೆ ಬಿಡಿಸಿದ. ಒಂದು ಮುಳ್ಳೂ ಉಳಿಯಲಿಲ್ಲ, ಡಾಕ್ಟರ ಹೆಂಡತಿ ಸುಳ್ಳು ಹೇಳಿರಲಿಲ್ಲ.

ಯಾವೂರು ಅಂತ ಕೇಳಿದ. ಸಾಂತೊಸ್ ಅಂದೆ. ಹಾಗಾದರೆ ಕಡಲ ದಾರಿಯಲ್ಲೇ ಹೋಗಿ, ಪೊಂಟಾ ಬಾಯ್ಷಾದಲ್ಲಿ ಊಟ ಮಾಡಿ ಎಂದ.

"ದೋನಾ ಬೆನ್ವಿಂದಾ ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ. ನನ್ನ ಹೆಂಡ್ತಿಗೆ ಅಡುಗೆ ಕಲಿಸಿದ್ದೇ ಅವರು. ಈಗ ನಮ್ಮೇಲೆ ಬೇಜಾರಾಗಿದ್ದಾರೆ. ಆದ್ರೂ ನಮ್ಮ ಹೆಸರು ಹೇಳಿ ಅಮ್ಮಾ, ಊಟ ಹಾಕದೆ ಕಳ್ಸೋರಲ್ಲ."

ಬೇಜಾರು ಯಾಕೆ ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಅವರ ಮಗ ಕಡಲಿಗೆ ಹೋದೋನು ಬರಲಿಲ್ಲ. ಆ ಜಾಗದಲ್ಲಿ ನಾನಿದೀನಿ. ಬೇಜಾರಾಗ್ದೆ ಇರುತ್ತಾ?"

ಅಷ್ಟು ಹೇಳಿ ಬೇರೆ ಮೇಜಿಗೆ ಹೋದ. ಅಡುಗೆಮನೆಯ ಬಾಗಿಲು ತೆರೆದಾಗ ನಿನ್ನನ್ನು ನೋಡಿದೆ. ಒಲೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ, ಹೊಟ್ಟೆ ಕಾಣುತ್ತಿತ್ತು. ಕರೆಯಲಿಲ್ಲ. ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು ಮಧ್ಯಾಹ್ನದ ಬಸ್ಸಿಗೇ ಇಳಿದುಬಿಟ್ಟೆ. ಮೀನು ಹದವಾಗಿ ಬೆಂದಿತ್ತು, ಉಪ್ಪು ಕಡಿಮೆ. ಬೆಟ್ಟದವರ ನಾಲಿಗೆಗೆ ತಕ್ಕಂತೆ ಮಾಡುತ್ತೀಯೆಂದು ಕಾಣುತ್ತದೆ.

ಆಮೇಲೆ ಇಷ್ಟು ದಿನ ಏನು ಮಾಡಿದೆ ಎಂದು ಕೇಳಬೇಡ. ಹೋಟೆಲು ತೆರೆದೆ, ಮುಚ್ಚಿದೆ. ನೀವು ಕಳಿಸಿದ ಗಿರಾಕಿಗಳು ನಿಮ್ಮ ಹೆಸರು ಹೇಳಿದಾಗಲೆಲ್ಲ ಒಳಗೆ ಹೋಗುತ್ತಿದ್ದೆ. ಒಬ್ಬರನ್ನೂ ಹಸಿದು ಕಳಿಸಲಿಲ್ಲ.

ಶುಕ್ರವಾರ ಹಿಂಡು ಬಂತು. ಈ ವರ್ಷದ ಮೊದಲನೆಯದು, ದೊಡ್ಡದು. ನಾನೂ ಹಗ್ಗ ಹಿಡಿದೆ. ಎಳೆದು ಮುಗಿದ ಮೇಲೆ ಒನೊರಾತೊ ಪಾಲು ಹಾಕುತ್ತಾ ಬಂದ. ನನ್ನ ಮುಂದೆ ನಿಂತು ಕಾಲಿನಿಂದ ಮರಳು ಕೆದಕುತ್ತಾ ಕೇಳಿದ, "ನಿವಾಲ್ದೊನ ಪಾಲು, ದೋನಾ ಬೆನ್ವಿಂದಾ?" ಅವನಿಗೂ ಆ ಪ್ರಶ್ನೆ ಸಾಕಾಗಿತ್ತು ಎಂದು ಅಂದೇ ನನಗೆ ಕಂಡಿತು. ನಾನು ಉತ್ತರ ಕೊಟ್ಟೆ. ದಡದವರೆಲ್ಲ ಕೇಳಿಸಿಕೊಂಡರು. ಆ ಮಾತನ್ನು ಇಲ್ಲಿ ಮತ್ತೊಮ್ಮೆ ಬರೆಯಲು ನನ್ನ ಕೈಲಾಗದು, ನೀನೇ ತಿಳಿದುಕೋ. ಗಂಡಸರು ಟೋಪಿ ತೆಗೆದರು. ಒನೊರಾತೊ ಅಳುತ್ತಿದ್ದ. ನನ್ನ ಮಗ ತನ್ನ ಬಾಯಿಗೆ ಹೆದರಿ ಅಡಗಿದ್ದಾನೆಂದು ನಾನು ಹೇಳುವಾಗಲೆಲ್ಲ ಅವನು ಇಷ್ಟು ವರ್ಷ ಸುಮ್ಮನೆ ಕೇಳಿಸಿಕೊಂಡಿದ್ದ.

ನಾಳೆ ಒನೊರಾತೊ ಜೊತೆ ಉಬಾಟುಬಾಕ್ಕೆ ಹೋಗುತ್ತೇನೆ, ನ್ಯಾಯಾಧೀಶರಿಗೂ ಅದೇ ಮಾತು ಹೇಳುತ್ತೇನೆ. ಮಗುವಿಗೆ ಅದರ ಅಪ್ಪನ ಹೆಸರೇ ಇರಲಿ. ಸಾಂವ್ ಪೆದ್ರೊ ಹಬ್ಬದ ಭಾನುವಾರ, ದೋಣಿಗಳ ಮೆರವಣಿಗೆಯಾದ ಮೇಲೆ ನಿವಾಲ್ದೊನ ಹೆಸರಿನಲ್ಲಿ ಪೂಜೆ. ಬಾ. ಅವನನ್ನೂ ಕರೆದುಕೊಂಡು ಬಾ. ಊರವರು ನಿನ್ನ ಹೊಟ್ಟೆ ನೋಡಿ ಗುಸುಗುಸು ಅಂದರೆ ನಾನಿದ್ದೇನೆ. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿ, ಇಳಿಜಾರಿನಲ್ಲಿ ಹಿಂದೆ ಕೂತರೆ ತಲೆ ತಿರುಗುತ್ತದೆ.

ನಾನು ಹೇಳಿದ ಮೇಲೆ ಒನೊರಾತೊ ನಿವಾಲ್ದೊನ ಪಾಲನ್ನು ಬಿಡಿಸಿ, ಎಲ್ಲರ ರಾಶಿಗೂ ಒಂದೊಂದಾಗಿ ಹಾಕುತ್ತಾ ಹೋದ. ಸತ್ತವನ ಪಾಲನ್ನು ಹಾಗೆಯೇ ಹಂಚುವುದು. ನನ್ನ ರಾಶಿಗೂ ಒಂದು ಬಿತ್ತು. ಮನೆಗೆ ತಂದು, ಗಿರಾಕಿಗಳಿಗೆ ಇವತ್ತು ಊಟವಿಲ್ಲವೆಂದು ಹೇಳಿ ಬಾಗಿಲು ಹಾಕಿ, ಅದನ್ನು ಬೇಯಿಸಿದೆ. ಒಬ್ಬಳೇ ಕುಳಿತು ತಿಂದೆ. ಪೂರ್ತಿ ತಿಂದೆ ದಲ್ವಿನಾ.

ನಿನ್ನ ಅತ್ತೆ
ಬೆನ್ವಿಂದಾ